ಮೊದಲು ಹಳ್ಳ ದಾಟುವವರು

ಆ ಯುದ್ಧ ಯಾಕಾಯಿತು ಅಂತ ದಾರೋ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಬ್ಬ ಗಡಿಗೆರೆ ಅನ್ನುತ್ತಾನೆ, ಯಾವ ಕಾಲದಲ್ಲೋ ಇಟಲಿಯ ಬಿಳಿಯರು ಎಲ್ಲೋ ಕೂತು ಎಳೆದದ್ದು. ಇನ್ನೊಬ್ಬ, ಗೆರೆಯಲ್ಲ ಕಣಯ್ಯಾ, ಎರಿಟ್ರಿಯಾದವರು ತಮ್ಮದೇ ಹೊಸ ನೋಟು ಅಚ್ಚು ಹಾಕಿಸಿದರಲ್ಲ, ಅಲ್ಲಿಂದ ಶುರು ಅನ್ನುತ್ತಾನೆ. ಮತ್ತೊಬ್ಬ ಬಂದರಿನ ಜಗಳ ಅನ್ನುತ್ತಾನೆ. ಆ ಮಹಾರಾಯ ಹುಟ್ಟಿದಾಗಿನಿಂದ ಸಮುದ್ರದ ಮುಖ ಕಂಡವನಲ್ಲ. ಸುವಾ ಕಳ್ಳಿನ ಮಡಕೆ ಖಾಲಿಯಾಗುವವರೆಗೂ ವಾದ ನಡೆಯುತ್ತದೆ, ಮಾರನೆಯ ದಿನ ಮತ್ತೆ ಮೊದಲಿಂದ. ತ್ಸೆಗಾಳನ್ನು ಕೇಳಿದರೆ ಮಾತ್ರ ಅವಳು ಬಾಗಿಲಿಗೆ ಬಂದು ಎದುರಿನ ಬೋಳು ಗುಡ್ಡ ತೋರಿಸುತ್ತಾಳೆ. "ಅದಕ್ಕೆ," ಅನ್ನುತ್ತಾಳೆ. "ಮೇಕೆ ಕೂಡ ಮೂಸಿ ವಾಪಸ್ ಬರುತ್ತೆ ನೋಡು, ಅದಕ್ಕೆ." ಅವಳ ಮಗ ಕಿದಾನೆ ಸತ್ತದ್ದು ಆ ಗುಡ್ಡದ ಜಗಳದಲ್ಲಿ.

ಗುಡ್ಡದ ಬುಡದಲ್ಲೊಂದು ಹಳ್ಳ. ಮಳೆಗಾಲದಲ್ಲಿ ನಾಲ್ಕು ದಿನ ಕೆಂಪಗೆ ಅಬ್ಬರಿಸುತ್ತದೆ, ಉಳಿದ ಕಾಲವೆಲ್ಲ ಬರೀ ಉರುಟು ಕಲ್ಲು. ಈಚೆ ದಾರೋ, ಆಚೆ ಸೆಗ್ಲಾ. ಎರಡೂ ಊರಿಗೆ ಒಂದೇ ಮರಿಯಮ್ ಚರ್ಚು, ಒಂದೇ ಮಾತು, ಒಂದೇ ಇಂಜೆರಾ ರೊಟ್ಟಿ, ಬೈಗುಳ ಕೂಡ ಒಂದೇ. ತ್ಸೆಗಾಳ ತಂಗಿ ಜಾಫುವನ್ನು ಸೆಗ್ಲಾಕ್ಕೆ ಕೊಟ್ಟಿದ್ದರು. ಕೊಡುವಾಗ ಪರದೇಶಕ್ಕೆ ಕಳಿಸುತ್ತಿದ್ದೇವೆ ಅಂತ ಯಾರೂ ಅತ್ತಿರಲಿಲ್ಲ. ಅಕ್ಕ ಕಾಫಿ ಬೀಜ ಹುರಿಯಲು ಕೂತರೆ ತಂಗಿ ಹಳ್ಳ ದಾಟಿ ಬಂದು ಕುಕ್ಕರುಬಡಿಯುತ್ತಿದ್ದಳು. ಆಮೇಲೆ ದೊಡ್ಡವರು ಎಲ್ಲೋ ಸಹಿ ಹಾಕಿದರು. ಸೆಗ್ಲಾ ಎರಿಟ್ರಿಯಾ ಆಯಿತು, ದಾರೋ ಇಥಿಯೋಪಿಯಾದಲ್ಲೇ ಉಳಿಯಿತು. ಆಗಲೂ ಜಾಫು ಕಾಫಿಗೆ ಬರುವುದು ನಿಲ್ಲಲಿಲ್ಲ.

ನಿಲ್ಲಿಸಿದ್ದು ಯುದ್ಧ. ಶುರುವಾದ ವಾರವೇ ಎರಡು ಕಡೆಯ ಸೈನ್ಯವೂ ಊರ ಹುಡುಗರನ್ನು ಎಳೆದುಕೊಂಡಿತು. ಕೊರಕಲು, ಕಣಿವೆ ಗೊತ್ತಿದ್ದವರು ಅವರೇ ತಾನೆ. ಈಚೆಯಿಂದ ಕಿದಾನೆ, ಆಚೆಯಿಂದ ಜಾಫುವಿನ ಮಗ ಮೆಹಾರಿ. ಇಬ್ಬರೂ ಒಟ್ಟಿಗೆ ಮೇಕೆ ಕಾದವರು, ಒಂದೇ ಪಾಪಾಸುಕಳ್ಳಿಯ ಹಣ್ಣು ಕದ್ದು ಒಟ್ಟಿಗೆ ಒದೆ ತಿಂದವರು. ಆ ದಿನ ಜಾಫು ಆಚೆ ದಡದಲ್ಲಿ ನಿಂತು ಕಿರುಚಿದಳು, "ನಿಮ್ಮವರೇ ಶುರು ಮಾಡಿದ್ದು!" ತ್ಸೆಗಾ ಈಚೆಯಿಂದ, "ನಿಮ್ಮವರು ಕಣೇ, ನಿಮ್ಮವರು!" ಅಂತ ತಿರುಗಿ ಕಿರುಚಿದಳು. ಅಕ್ಕತಂಗಿಯರ ನಡುವೆ ಇಪ್ಪತ್ತು ವರ್ಷದವರೆಗೆ ಅದೇ ಕೊನೆಯ ಮಾತು.

ಗುಡ್ಡ ಒಂದು ಸಲ ಇವರ ಕೈಗೆ, ಇನ್ನೊಂದು ಸಲ ಅವರ ಕೈಗೆ. ಗುಂಡಿನ ಸದ್ದು ಅಡಗಿದ ಮೇಲೆ ಅಧಿಕಾರಿಗಳು ಊರವರನ್ನು ಕರೆದು, ನಾತ ಹೊಡೆಯುವ ಮುಂಚೆ ಮಣ್ಣು ಮಾಡಿ ಅಂದು ಹೊರಟುಹೋದರು. ತ್ಸೆಗಾಳ ಬಾರ್ಲಿ ಹೊಲದಲ್ಲಿ ಒಬ್ಬ ಬೋರಲು ಬಿದ್ದಿದ್ದ. ಮಗ್ಗುಲಿಗೆ ಹೊರಳಿಸಿ ನೋಡಿದರೆ ಮೆಹಾರಿ. ಹುಬ್ಬಿನ ಮೇಲೆ ಮೇಕೆ ಹಾಯ್ದ ಗಾಯದ ಕಲೆ ಹಾಗೇ ಇತ್ತು. ಇವಳೊಬ್ಬಳೇ ಗುಂಡಿ ತೋಡಿ, ಹೊಲದ ಬದುವಿನ ಕಾಡು ಆಲಿವ್ ಮರದಡಿ ಮಲಗಿಸಿ, ಮೇಲೆ ಕಲ್ಲು ಒಟ್ಟಿದಳು. ಎದೆ ಬಡಿದುಕೊಂಡು ಅತ್ತಳು. ಶತ್ರುವಿನ ಹೆಣಕ್ಕೆ ಅಳುತ್ತಾಳಲ್ಲ ಅಂತ ಯಾರೋ ಅಂದದ್ದಕ್ಕೆ, "ನಾಲಿಗೆ ಸೇದಿಹೋಗ!" ಅಂತ ಶಾಪ ಹಾಕಿದಳು. ಕಿದಾನೆ ಹಳ್ಳದಾಚೆ ಬಿದ್ದದ್ದನ್ನು ಕಂಡವರಿದ್ದರು, ಎಲ್ಲಿ ಅಂತ ಹೇಳುವವರಿರಲಿಲ್ಲ. ಗಡಿ ಮುಚ್ಚಿತು. ತಾಯಿ ಮಗನ ಹೆಸರಲ್ಲಿ ಪ್ರತಿ ವರ್ಷ ಊಟ ಹಾಕಿದಳು. ಮರಿಯಮ್ ಚರ್ಚಿನ ಅಂಗಳದಲ್ಲಿ ಗಂಡನ ಪಕ್ಕ ಮಗನಿಗೆ ಅಂತ ಒಂದು ಜಾಗ ಖಾಲಿ ಇರಿಸಿಕೊಂಡಳು.

ಹೀಗಿರುವಾಗ ಒಂದು ಸೆಪ್ಟೆಂಬರಿನಲ್ಲಿ, ಆ ಸೀಮೆಯ ಹೊಸ ವರ್ಷದ ದಿನ, ಹೊಲವೆಲ್ಲ ಹಳದಿ ಹೂ ಬಿಟ್ಟಿರುವ ಕಾಲದಲ್ಲಿ, ಗಡಿ ತೆರೆದುಬಿಟ್ಟರು. ಮೊದಲೇ ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ನಿನ್ನೆಯವರೆಗೆ ದುರ್ಬೀನು ಹಿಡಿದು ಪರಸ್ಪರ ದುರುಗುಟ್ಟುತ್ತಿದ್ದ ಸಿಪಾಯಿಗಳು ತಬ್ಬಿಕೊಂಡು ಕುಣಿದರು. ಹೆಂಗಸರು ನಾಲಿಗೆ ಹೊರಳಿಸಿ ಉಲಿದರು. ಆಚೆಯಿಂದ ಸೀರೆಯಂಥ ತೆಳು ಬಟ್ಟೆ, ಬೂಟು, ಟೀವಿ. ಈಚೆಯಿಂದ ಟೆಫ್ ಧಾನ್ಯ, ಸಿಮೆಂಟು, ಈರುಳ್ಳಿ. ತ್ಸೆಗಾಳ ಮಗಳು ರಾಹ್ವಾ ದಾರಿ ಬದಿಯಲ್ಲಿ ತಗಡು ಹೊದಿಸಿ ಕಾಫಿ ಅಂಗಡಿ ಹಾಕಿದಳು; ಲಾರಿಯವರಿಗೆ ಕುದಿಸಿ ಕೊಡುವುದರಲ್ಲಿ ಅವಳಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ.

ಅವಳ ಅಂಗಡಿಗೇ ಸುದ್ದಿ ಬಂತು. ಸಂತೆಗೆ ಬಂದ ಸೆಗ್ಲಾದ ಹೆಂಗಸೊಬ್ಬಳು ಹೇಳಿದಳು, "ನಿಮ್ಮ ಕಿದಾನೆ ಜಾಫು ಹತ್ರ ಇದಾನಂತೆ. ಅವಳ ಹಿತ್ತಲಲ್ಲೇ ಮಲಗಿಸಿದಾಳೆ. ಹೇಳು ಅಂದ್ಳು."

ತ್ಸೆಗಾ ಗೋಡೆ ಹಿಡಿದು ಕೂತಳು. ಇಷ್ಟು ವರ್ಷ ಯಾವ ನರಿ ಎಳೆಯಿತೋ ಅಂದುಕೊಳ್ಳುತ್ತಿದ್ದಳು. ಮಗ ಚಿಕ್ಕಮ್ಮನ ಹಿತ್ತಲಲ್ಲಿದ್ದಾನೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಆಮೇಲೆ ಆ ಹೆಂಗಸಿನ ಕೈ ಹಿಡಿದು ಹೇಳಿದಳು, "ಮೆಹಾರಿ ನನ್ನ ಹತ್ರ ಇದಾನೆ ಅನ್ನು. ಒಂದು ಸಲಾನೂ ನೇಗಿಲು ತಾಗಿಸಿಲ್ಲ ಅನ್ನು."

"ಏಳಮ್ಮಾ," ಅಂದಳು ರಾಹ್ವಾ, ಸೌಟು ಬಿಸಾಕಿ. "ಈಗಲೇ ಹೋಗೋಣ. ಒಂದು ಚೀಲ ತಗೋ, ಒಂದು ಗುದ್ದಲಿ ತಗೋ. ಸಂಜೆ ಒಳಗೆ ಅಣ್ಣನ್ನ ತಂದುಬಿಡೋಣ."

ತ್ಸೆಗಾ ಎದ್ದಳು. ಬಿಳಿ ಮೇಲುಹೊದಿಕೆ ಹೆಗಲಿಗೂ ಹಾಕಿಕೊಂಡಳು. ಆಮೇಲೆ ಏನನಿಸಿತೋ, ನಿಂತುಬಿಟ್ಟಳು. "ಹಾಗೆಲ್ಲ ಹೋಗಕ್ಕಾಗಲ್ಲ ಕಣೇ. ರಾಜಿ ಆಗಬೇಕು," ಅಂದಳು.

ಆ ಸೀಮೆಯಲ್ಲಿ ರಾಜಿ ಅಂದರೆ ಕೈಕುಲುಕುವುದಲ್ಲ. ರಕ್ತ ಬಿದ್ದ ಎರಡು ಮನೆಗಳ ನಡುವೆ ನೀರಿಲ್ಲ, ಕಾಫಿಯಿಲ್ಲ. ಕೊಂದ ಕಡೆಯವರು ಕುತ್ತಿಗೆ ಮೇಲೆ ಕಲ್ಲು ಹೊತ್ತು ಸತ್ತವನ ಅಂಗಳಕ್ಕೆ ಬಂದು, ಮೊಣಕಾಲೂರಿ ತಪ್ಪಾಯಿತು ಅನ್ನಬೇಕು. ಸತ್ತವನ ತಾಯಿ ಆ ಕಲ್ಲನ್ನು ಕೈಯಾರೆ ಇಳಿಸಬೇಕು. ಆಮೇಲೆ ಊಟ, ಆಮೇಲೆ ಮೂಳೆ ಎತ್ತುವುದು, ಚರ್ಚಿನ ಮಣ್ಣು. ಅಷ್ಟಾಗದೆ ಎತ್ತಿದ ಮೂಳೆಗೆ ಪಾದ್ರಿ ಪ್ರಾರ್ಥನೆ ಹೇಳುವುದಿಲ್ಲ. ಇದಕ್ಕೆಲ್ಲ ಒಂದೇ ಒಂದು ವಿನಾಯಿತಿ: ಸತ್ತವನ ತಾಯಿ ತಾನಾಗಿ ಬಾಯಿಬಿಟ್ಟು "ಕುಡಿ" ಅಂತ ಕಾಫಿ ಕೊಟ್ಟರೆ ಕಲ್ಲೂ ಬೇಡ, ಹಿರಿಯರೂ ಬೇಡ, ಅಲ್ಲಿಗೆ ಮುಗಿಯಿತು. ಬಾವಿ ಜಗಳ, ಬದುವಿನ ಜಗಳಕ್ಕೆ ಅಂತ ಮಾಡಿದ ಕಟ್ಟಳೆ. ಈಗ ಎರಡು ದೇಶಗಳ ಜಗಳಕ್ಕೆ ಅದನ್ನೇ ತಗುಲಿಹಾಕಲು ಹೊರಟರು.

ದಾರೋದ ಹಿರಿಯ ಬೆರ್ಹೆ ಅಜ್ಜ, ಸೆಗ್ಲಾದ ಹಿರಿಯ ತೆಕ್ಲೆ ಅಜ್ಜ. ಇಬ್ಬರೂ ಎಳೆಯ ವಯಸ್ಸಲ್ಲಿ ಒಂದೇ ಹುಡುಗಿಗೆ ಆಸೆಪಟ್ಟು ಇಬ್ಬರಿಗೂ ಸಿಗದೆ ಹೋದವರು. ಹಳ್ಳದ ನಡುವಿನ ಅತ್ತಿಮರದಡಿ ಕೂತರು. ಯಾರು ಕಲ್ಲು ಹೊರಬೇಕು ಅನ್ನುವುದೇ ಮೊದಲ ಪ್ರಶ್ನೆ.

"ನೀವು ಹೊರಬೇಕು. ಮೊದಲು ಗುಂಡು ಹಾರಿಸಿದ್ದು ನೀವು," ಅಂದ ಬೆರ್ಹೆ.

"ಮೊದಲು ಗುಡ್ಡ ಹತ್ತಿದ್ದು ಯಾರಪ್ಪಾ? ನಮ್ಮಜ್ಜನ ಕಾಲದಿಂದ ನಮ್ಮ ಗುಡ್ಡ ಅದು."

"ನಿಮ್ಮಜ್ಜ ನಮ್ಮಜ್ಜನ ಹತ್ರ ಕತ್ತೆ ಸಾಲ ಕೇಳಿ ಆ ಗುಡ್ಡ ಹತ್ತುತಿದ್ದ. ಕತ್ತೆ ನಮ್ಮದಾದ್ರೆ ಗುಡ್ಡ ನಿಮ್ಮದಾಗುತ್ತಾ?"

ಸುತ್ತ ಕೂತವರು ನಕ್ಕರು. ತೆಕ್ಲೆಗೆ ಸಿಟ್ಟು ನೆತ್ತಿಗೇರಿತು, ಕೋಲು ಊರಿ ಎದ್ದುಹೋದ. ಆ ವಾರ ಅಲ್ಲಿಗೆ ಮುಗಿಯಿತು. ಮುಂದಿನ ಸಲ, ನಮ್ಮಲ್ಲಿ ಸತ್ತವರು ಹೆಚ್ಚು, ಇಲ್ಲ ನಮ್ಮಲ್ಲಿ ಹೆಚ್ಚು ಅಂತ ಹೆಣದ ಮೇಲಾಟ. ಎಷ್ಟು ಜನ ಅಂತ ಯಾವ ಸರ್ಕಾರವೂ ಊರವರಿಗೆ ಹೇಳಿರಲಿಲ್ಲ, ಆದರೂ ಇಬ್ಬರೂ ಎದೆ ತಟ್ಟಿ ತಟ್ಟಿ ಹೇಳಿದರು. ಮಗನನ್ನು ಕಳೆದುಕೊಂಡವರು ಅಲ್ಲೇ ಹಿಂದೆ ಸಾಲಾಗಿ ನಿಂತಿದ್ದರು. ಅವರನ್ನು ಕೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಕಡೆಗೆ ಪಾದ್ರಿಯೇ ಮಧ್ಯೆ ಬಿದ್ದ. ಎರಡು ಕಡೆಯವರೂ ಕಲ್ಲು ಹೊತ್ತು ಹಳ್ಳದ ನಟ್ಟನಡುವೆ ಎದುರಾಗಲಿ, ಯಾರೂ ಯಾರ ಊರಿಗೂ ಹೋಗುವುದು ಬೇಡ ಅಂದ. ಎಲ್ಲರೂ ತಲೆದೂಗಿದರು. ಬೆರ್ಹೆ ಕೇಳಿದ, "ನಟ್ಟನಡುವೆ ಅಂದ್ರೆ ಎಲ್ಲಿ?" ಅತ್ತಿಮರ ಅಂದ ತೆಕ್ಲೆ. ಅತ್ತಿಮರ ನಮ್ಮ ಕಡೆಗೆ ಸೇರಿದ್ದು, ಅಲ್ಲಿಗೆ ಬಂದರೆ ನೀವು ನಮ್ಮ ನೆಲಕ್ಕೆ ಬಂದಂತೆ, ಸಂತೋಷ, ಬನ್ನಿ ಅಂದ ಬೆರ್ಹೆ. ಹಗ್ಗ ತಂದರು. ಯಾವ ದಡದಿಂದ ಅಳೆಯಬೇಕು, ಹೋದ ವರ್ಷದ ಮಳೆಗೆ ಕುಸಿದ ದಡದಿಂದಲೋ, ಮುಂಚಿನ ದಡದಿಂದಲೋ? ಹಗ್ಗದ ಒಂದೊಂದು ತುದಿ ಹಿಡಿದು ಇಬ್ಬರು ಮುದುಕರು ಎಳೆದಾಡಿದರು. ಅಲ್ಲೇ ಪಕ್ಕದ ದಾರಿಯಲ್ಲಿ ಲಾರಿಗಳು ಹಾರನ್ನು ಬಾರಿಸಿಕೊಂಡು ಯಾವ ಕಲ್ಲೂ ಹೊರದೆ ಆಚೀಚೆ ದಾಟುತ್ತಿದ್ದವು. ಬೆರ್ಹೆಯ ಮನೆಗೂ ಆಚೆಯಿಂದ ಒಂದು ಟೀವಿ ಬಂದಿತ್ತು, ಯಾರಿಂದಲೂ ಕ್ಷಮೆ ಕೇಳಿಸಿಕೊಳ್ಳದೆ.

"ನೋಡಮ್ಮಾ, ಈ ಮುದುಕರು ಇಬ್ಬರೂ ಸತ್ತಮೇಲೇ ರಾಜಿ ಆಗೋದು," ಅಂದಳು ರಾಹ್ವಾ. "ನೀನೇ ಹೋಗು. ಚಿಕ್ಕಮ್ಮ ಬೇಡ ಅಂತಾಳಾ?"

"ನಾನು ಅಕ್ಕ. ಅವಳು ಬರಲಿ."

"ಅವಳಿಗೂ ಮಗ ಹೋಗಿದಾನೆ."

"ನನ್ನ ಕಡೆಯವರು ಶುರು ಮಾಡಿದ್ದು ಅಂದ್ಳಲ್ಲ ಅವತ್ತು! ದಡದ ಮೇಲೆ ನಿಂತು, ಊರೆಲ್ಲ ಕೇಳೋ ಹಾಗೆ! ಅದನ್ನ ಬಂದು ವಾಪಸ್ ತಗೊಳ್ಳಲಿ, ಆಮೇಲೆ ನೋಡೋಣ."

ರಾಹ್ವಾ ಹಣೆ ಚಚ್ಚಿಕೊಂಡಳು. ತ್ಸೆಗಾಳಿಗೂ ಒಳಗೊಳಗೆ ಗೊತ್ತಿತ್ತು, ಕಟ್ಟಳೆಯದೆಲ್ಲ ನೆಪ ಅಂತ. ಮಗನನ್ನು ತರಬೇಕು ಅನ್ನುವ ತಹತಹ ಒಂದು ಕಡೆ, ತಂಗಿಯ ಬಾಯಲ್ಲಿ ತಪ್ಪಾಯಿತು ಅನ್ನಿಸಬೇಕು ಅನ್ನುವ ಹಟ ಇನ್ನೊಂದು ಕಡೆ. ದಿನಾ ಸಂಜೆ ದಡಕ್ಕೆ ಹೋಗಿ ಜಾಫುವಿನ ಹಿತ್ತಲ ಕಡೆ ನೋಡಿ ಬರುತ್ತಿದ್ದಳು. ಒಂದು ಹೆಜ್ಜೆ ಮಾತ್ರ ಮುಂದೆ ಇಡಲಿಲ್ಲ.

ಕೊಯ್ಲು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಜಾಫುವೇ ಬಂದಳು. ತ್ಸೆಗಾಳ ಮನೆಗಲ್ಲ, ರಾಹ್ವಾಳ ಅಂಗಡಿಗೆ. ಸಂತೆಗೆ ಬಂದವಳ ಹಾಗೆ ಬುಟ್ಟಿ ಕೆಳಗಿಟ್ಟು ಬೆಂಚಿನ ತುದಿಯಲ್ಲಿ ಕೂತಳು. ಕೂದಲೆಲ್ಲ ಬೆಳ್ಳಗಾಗಿತ್ತು, ಮುಂದಿನ ಹಲ್ಲು ಎರಡು ಬಿದ್ದಿದ್ದವು. ರಾಹ್ವಾ ಗುರುತು ಹಿಡಿದು ತಬ್ಬಿಕೊಂಡಳು. ಇಬ್ಬರೂ ಗಲ್ಲಕ್ಕೆ ಗಲ್ಲ ಒತ್ತಿ ಅತ್ತರು. ರಾಹ್ವಾ ಹೊಸದಾಗಿ ಬೀಜ ಹುರಿದಳು, ಕುಟ್ಟಿದಳು, ಕುದಿಸಿ ಕಪ್ಪಿಗೆ ಬಗ್ಗಿಸಿ ಚಿಕ್ಕಮ್ಮನ ಕೈಗೆ ಕೊಟ್ಟಳು.

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಸೌದೆ ಹೊತ್ತು ತ್ಸೆಗಾ ಬಂದಳು.

ಜಾಫು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಖವನ್ನೇ ನೋಡಿದಳು. ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಅಕ್ಕ ಬಾಯಿಬಿಟ್ಟು ಒಂದು ಮಾತು ಹೇಳಲಿ ಅಂತ ಕಾಯುತ್ತಿದ್ದಳು. ಹೇಳಿದ್ದರೆ ಇವಳೂ "ನೀನೂ ಬಾ, ನನ್ನ ಮನೆಯಲ್ಲಿ ಕುಡಿ" ಅನ್ನುತ್ತಿದ್ದಳು, ಅದಕ್ಕೇ ಬಂದದ್ದು. ತ್ಸೆಗಾಳ ಕಣ್ಣು ಹನಿಗೂಡಿತು. ತಂಗಿಯ ಬೋಳು ಒಸಡು ಕಂಡು ಸೌದೆ ಕೆಳಗಿಳಿಸಿದಳು. ಕುಡಿಯೇ ಅನ್ನಲು ಬಾಯಿ ತೆರೆದಳು.

"ಕಲ್ಲೆಲ್ಲಿ?" ಅಂದುಬಿಟ್ಟಳು.

ಜಾಫುವಿನ ಮುಖ ಕಪ್ಪಿಟ್ಟಿತು. ಕಪ್ಪನ್ನು ಬೆಂಚಿನ ಮೇಲಿಟ್ಟಳು, ಒಂದು ಹನಿ ಚೆಲ್ಲದಂತೆ. "ನಿನ್ನ ಕಲ್ಲು ತೋರ್ಸು, ಆಮೇಲೆ ನನ್ನದು ಕೇಳು," ಅಂದು ಬುಟ್ಟಿ ಎತ್ತಿಕೊಂಡು ಹೊರಟಳು. ರಾಹ್ವಾ ಹಿಂದೆ ಓಡಿದಳು, ಕೈ ಹಿಡಿದು ಎಳೆದಳು. ಅವಳು ತಿರುಗಲಿಲ್ಲ.

ರಾಹ್ವಾ ವಾಪಸ್ ಬಂದು ಅಮ್ಮನ ಎದುರಿಗೆ ನಿಂತಳು. "ಅಣ್ಣನ್ನ ಅವರು ಒಂದು ಸಲ ಕೊಂದ್ರು. ನೀನು ಇವತ್ತು ಇನ್ನೊಂದು ಸಲ ಕೊಂದೆ," ಅಂದಳು. ಆಮೇಲೆ ಅವಳು ವಾರದವರೆಗೆ ಅಮ್ಮನ ಹತ್ತಿರ ಮಾತಾಡಲಿಲ್ಲ. ತ್ಸೆಗಾ ಆ ವಾರವೆಲ್ಲ ಒಳಗೇ ಬೆಂದಳು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕೋಳಿಗೆ ಬೈದಳು, ಒಲೆಗೆ ಬೈದಳು. ಕಡೆಗೆ ಬೆರ್ಹೆಯ ಅಂಗಳಕ್ಕೆ ಹೋಗಿ ಊರು ಕೇಳುವಂತೆ ಕೂಗಾಡಿದಳು: "ಅತ್ತಿಮರದ ಬುಡವೋ, ತುದಿಯೋ, ಎಲ್ಲಾದ್ರೂ ಒಂದು ಕಡೆ ಮಾಡ್ರಪ್ಪಾ! ಮೊದಲ ಕಲ್ಲು ನಾನು ಹೊರ್ತೀನಿ. ಮೂರು ಕಲ್ಲು ಹೊರ್ತೀನಿ. ನನ್ನ ಮಗನ್ನ ತಂದುಕೊಡಿ."

ಹಟ ಬಿಟ್ಟವಳು ಒಬ್ಬಳು ಸಿಕ್ಕಿದ ಮೇಲೆ ಹಿರಿಯರಿಗೂ ನಾಚಿಕೆಯಾಯಿತು. ಕ್ರಿಸ್‌ಮಸ್‌ಗೆ ಮೊದಲಿನ ಭಾನುವಾರ, ಅತ್ತಿಮರದ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಅಂತ ತೀರ್ಮಾನವಾಯಿತು. ರಾಹ್ವಾ ನಕ್ಕಳು. ಮೂಳೆ ಮೊದಲೇ ಎತ್ತಿಟ್ಟುಕೊಳ್ಳಲು ಶನಿವಾರ ಪಾದ್ರಿ ಎರಡು ಕಡೆಗೂ ಒಪ್ಪಿಗೆ ಕೊಟ್ಟ. ತ್ಸೆಗಾ ಆಲಿವ್ ಮರದಡಿಯ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಮೆಹಾರಿಯನ್ನು ಎತ್ತಿ, ಮಣ್ಣು ಒರೆಸಿ, ತನ್ನ ಹೊಸ ಬಿಳಿ ಹೊದಿಕೆಯಲ್ಲಿ ಕಟ್ಟಿದಳು. ಅಷ್ಟು ಎತ್ತರದ ಹುಡುಗ, ಗಂಟು ಒಂದು ಕಂಕುಳಲ್ಲಿ ಹಿಡಿಯುವಷ್ಟೇ ಆಯಿತು. ಅಲ್ಲಿ ತಂಗಿಯೂ ಇದೇ ಕೆಲಸದಲ್ಲಿದ್ದಾಳೆ ಅಂತ ನೆನೆದು ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಭಾನುವಾರ ಬೆಳಗಾಗುವಷ್ಟರಲ್ಲಿ ಹಳ್ಳದ ಎರಡು ದಡದಲ್ಲೂ ಸಿಪಾಯಿಗಳು ನಿಂತಿದ್ದರು. ದಾರಿಗೆ ಅಡ್ಡ ಕಬ್ಬಿಣದ ಪೀಪಾಯಿ ಉರುಳಿಸಿದ್ದರು. ಲಾರಿಗಳು ಮುಖ ತಿರುಗಿಸಿಕೊಂಡು ನಿಂತಿದ್ದವು. ಯಾಕೆ ಅಂತ ಕೇಳಿದರೆ ಮೇಲಿಂದ ಹೇಳಿದ್ದಾರೆ ಅನ್ನುವ ಒಂದೇ ಉತ್ತರ, ಆಚೆಯೂ ಈಚೆಯೂ. ಯಾವಾಗ ತೆರೆಯುತ್ತಾರೆ ಅಂದರೆ ಅದಕ್ಕೂ ಅದೇ. ಬೆರ್ಹೆ ಅಜ್ಜ ಕೋಲು ಊರಿಕೊಂಡು ಮನೆಗೆ ಹೋದ. ಪಾದ್ರಿ ತಲೆ ತಗ್ಗಿಸಿ, "ಎಲ್ಲಿಂದ ಎತ್ತಿದೆಯೋ ಅಲ್ಲೇ ಇಟ್ಟುಬಿಡವ್ವಾ," ಅಂದ.

ತ್ಸೆಗಾ ಇಡಲಿಲ್ಲ. ಗಂಟು ಎದೆಗೊತ್ತಿಕೊಂಡು ದಡಕ್ಕಿಳಿದಳು. ಬಂದೂಕು ಹಿಡಿದ ಹುಡುಗ ಅಡ್ಡ ಬಂದ. ಯುದ್ಧ ನಡೆದಾಗ ಇನ್ನೂ ಹುಟ್ಟಿರದವನು, ಗಡ್ಡ ಕೂಡ ಸರಿಯಾಗಿ ಮೂಡಿರಲಿಲ್ಲ.

"ಅಜ್ಜೀ, ಹಿಂದೆ ಹೋಗಿ. ಯಾರನ್ನೂ ಬಿಡೋ ಹಾಗಿಲ್ಲ."

"ನಾನು ಹೋಗಲ್ಲ ಮಗಾ. ಇದನ್ನ ಆ ಮರದ ಕೆಳಗೆ ಇಟ್ಟು ಬರ್ತೀನಿ. ಅಲ್ಲಿಂದ ಒಂದು ಗಂಟು ತಗೊಂಡು ಬರ್ತೀನಿ. ಅಷ್ಟೇ."

"ಏನದು?"

"ಹುಡುಗ. ನನ್ನ ತಂಗಿ ಮಗ."

ಅವನು ಗಂಟಿನ ತುದಿ ಸರಿಸಿ ನೋಡಿ ಥಟ್ಟನೆ ಕೈ ತೆಗೆದ. "ನಮ್ಮವನಾ, ಅವರವನಾ?" ಅಂದ.

"ನಮ್ಮವನು," ಅಂದಳು ತ್ಸೆಗಾ.

"ನಮ್ಮವನಾದ್ರೆ ಅಲ್ಲಿಗ್ಯಾಕೆ ಕೊಡ್ತೀರಿ?"

ತ್ಸೆಗಾ ಗಂಟಿನ ತುದಿ ಮತ್ತೆ ಮುಚ್ಚಿದಳು. ತಲೆಯೆತ್ತಿ ನೋಡಿದರೆ ಆಚೆ ದಡದಲ್ಲಿ ಜಾಫು ನಿಂತಿದ್ದಳು. ಅವಳ ತೋಳಲ್ಲೂ ಒಂದು ಬಿಳಿ ಗಂಟು. ಅದರೊಳಗೆ ಕಿದಾನೆ. ಇಪ್ಪತ್ತು ವರ್ಷದ ಮೇಲೆ ಮಗ ಅಷ್ಟು ಹತ್ತಿರ ಬಂದಿದ್ದ. ತ್ಸೆಗಾಳ ಕಾಲು ತಾನಾಗಿ ಮುಂದೆ ಹೋಯಿತು. ಹುಡುಗ ಭುಜ ಹಿಡಿದು ನಿಲ್ಲಿಸಿದ.

"ಜಾಫೂ!" ಅಂತ ಕೂಗಿದಳು.

"ಅಕ್ಕಾ!" ಅಂದಳು ಅವಳು ಆಚೆಯಿಂದ. ಆಮೇಲೆ ಅವಳ ದನಿ ಒಡೆಯಿತು. "ಅವತ್ತು ಒಂದು ಮಾತು ಕುಡಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ನನ್ನ ಮಗ ಇವತ್ತು ನನ್ನ ಮಣ್ಣಲ್ಲಿರ್ತಿದ್ದ!"

ಹೌದು ಕಣೇ, ನಂದೇ ತಪ್ಪು ಅನ್ನಲಿಕ್ಕೆ ಅಂತಲೇ ತ್ಸೆಗಾ ಬಂದಿದ್ದಳು. ದಾರಿಯುದ್ದ ಅದನ್ನೇ ಬಾಯಲ್ಲಿಟ್ಟುಕೊಂಡಿದ್ದಳು. ಆದರೆ ಈ ದಡ, ಆ ದಡ, ಮತ್ತೆ ಅದೇ ದೂರುವ ದನಿ. ಒಳಗೆ ಕೆಂಡ ಕೆದಕಿದಂತಾಯಿತು.

"ಮೊದಲನೇ ದಿನವೇ ನೀನು ಬಂದಿದ್ರೆ? ಮೂರು ತಿಂಗಳು ಹಳ್ಳ ತೆರೆದುಕೊಂಡು ಕೂತಿತ್ತಲ್ಲೇ! ಕಾಲು ಮುರಿದಿತ್ತಾ ನಿಂದು?"

"ನಿಂದು ಮುರಿದಿತ್ತಾ?"

"ಚಿಕ್ಕವಳು ನೀನು!"

"ನಿಮ್ಮವರು ಶುರು ಮಾಡಿದ್ದು!"

"ನಿಮ್ಮವರು ಕಣೇ! ನಿಮ್ಮವರು!"

ಎರಡು ದಡದ ಸಿಪಾಯಿ ಹುಡುಗರು ಪರಸ್ಪರ ನೋಡಿ ನಕ್ಕರು. ಅವರ ನಡುವೆ ಜಗಳವೇನೂ ಇರಲಿಲ್ಲ. ಮುದುಕಿಯರು ಗಂಟಲು ಕಟ್ಟುವವರೆಗೂ ಬೈದಾಡಿದರು, ಕಂಕುಳಲ್ಲಿ ಒಬ್ಬೊಬ್ಬರು ಇನ್ನೊಬ್ಬಳ ಮಗನನ್ನು ಅವುಚಿಕೊಂಡು. ಮಾತು ಮುಗಿದ ಮೇಲೆ ಜಾಫು ಅಲ್ಲೇ ಕಲ್ಲಿನ ಮೇಲೆ ಕೂತಳು. ತ್ಸೆಗಾ ಇಲ್ಲಿ ಕೂತಳು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ರಾಹ್ವಾ ಬಂದು ಕರೆದಳು, ಬೇಡಿಕೊಂಡಳು, ಅತ್ತಳು, ಹೋದಳು. ಇಬ್ಬರೂ ಕಣ್ಣು ಕೀಳದೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು.

ಹುಡುಗನಿಗೆ ಕನಿಕರ ಬಂತು. ತನ್ನ ನೀರಿನ ಬಾಟಲಿ ಕೊಡಲು ಬಗ್ಗಿದ. "ಏಳಿ ಅಜ್ಜೀ. ಗಾಳಿ ತಣ್ಣಗಾಯ್ತು, ಮನೆಗೆ ಹೋಗಿ," ಅಂದ.

ತ್ಸೆಗಾ ಗಂಟಿನ ಮೇಲಿನ ಧೂಳು ಕೈಯಲ್ಲಿ ಒರೆಸಿದಳು. ಗದ್ದ ಎತ್ತಿ ಆಚೆ ದಡ ತೋರಿಸಿದಳು.

"ಅವಳು ಮೊದಲು ಏಳಲಿ," ಅಂದಳು.